ಪಿಟಿಎ ಹಣ: ಹೆಸರು ಒಂದು ಕಡೆ, ಮೊತ್ತ ಇನ್ನೊಂದು ಕಡೆ

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಪಿಟಿಎ (ಹೆತ್ತವರ ಮತ್ತು ಅಧ್ಯಾಪಕರ ಸಂಘ) ಮಹಾಸಭೆ ಕರೆದು ‘ತಲೆಗೆ 500’ ಎಂದು ಠರಾವು ಮಾಡುವುದು ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳಲ್ಲಿ ಕಂಡುಬರುವ ರೂಢಿ. ಎಲ್ಲರಿಗೂ ಒಂದೇ ದರ, ಹಾಗಾಗಿ ಯಾರೂ ಸೊಲ್ಲೆತ್ತುವುದಿಲ್ಲ. ಆದರೆ ಆ 500 ತೋಟದವರಿಗೆ ಒಂದೆರಡು ಕಿಲೋ ಅಡಿಕೆಯ ಬೆಲೆ, ಬೀಡಿ ಕಟ್ಟುವ ತಾಯಿಗೆ ಕೆಲವು ದಿನಗಳ ದುಡಿಮೆ. ಅದೂ ಕೊಡೆ, ಚೀಲ, ಚಪ್ಪಲಿ ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುವ ತಿಂಗಳು, ಅದರ ಬೆನ್ನಿಗೇ ಕೂಲಿ ಕಡಿಮೆಯಾಗುವ ಆಟಿ, ಅಂದರೆ ಜಡಿಮಳೆಯ ತುಳು ತಿಂಗಳು. ನಮ್ಮ ಶಾಲೆಯಲ್ಲಿ ಮಳೆಗಾಲದಲ್ಲಿ ಹಣ ಕೇಳುವುದನ್ನೇ ಬಿಟ್ಟಿದ್ದೇವೆ. ಅಡಿಕೆ ಕೊಯ್ಲು ನಡೆದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಡಿಸೆಂಬರ್–ಜನವರಿಯಲ್ಲಿ ಕೇಳುತ್ತೇವೆ. ದರ ನಿಗದಿ ಮಾಡುವುದಿಲ್ಲ.

ಇದಕ್ಕೆ ಕಾನೂನಿನ ಕಾರಣವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುತ್ತದೆ. ದೇಣಿಗೆ, ವಂತಿಗೆ ಎಂದು ಯಾವ ಹೆಸರಿಟ್ಟು ಪಡೆದರೂ, ಶಾಲೆ ಪ್ರಕಟಿಸಿದ ಶುಲ್ಕದ ಹೊರತಾದದ್ದೆಲ್ಲ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಆದ್ದರಿಂದ ದಾಖಲಾತಿಯ ಮೇಜಿನ ಮೇಲೆ ಪಿಟಿಎ ರಸೀದಿ ಪುಸ್ತಕ ಇರಲೇಬಾರದು. 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ‘ಯಾರೆಲ್ಲ ಹಣ ತಂದಿಲ್ಲ, ಎದ್ದು ನಿಲ್ಲಿ’ ಎನ್ನುವ ಮಾಷ್ಟ್ರು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಹಣ ಕೇಳುವ ಮೊದಲು ಪಟ್ಟಿ. ಶಾಲೆಗೆ ಬೇಕಾದದ್ದನ್ನೆಲ್ಲ ಬರೆದು, ಯಾವುದು ಯಾರ ಹೊಣೆ ಎಂದು ಪಕ್ಕದಲ್ಲಿ ಗುರುತಿಸಬೇಕು. ಕೇರಳದಲ್ಲಿ ಸರ್ಕಾರಿ ಎಲ್.ಪಿ. (ಕಿರಿಯ ಪ್ರಾಥಮಿಕ), ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಗಳ ಕಟ್ಟಡ ಗ್ರಾಮ ಪಂಚಾಯತಿನ ಪಾಲಿಗೆ, ಹೈಸ್ಕೂಲಿನದ್ದು ಜಿಲ್ಲಾ ಪಂಚಾಯತಿನ ಪಾಲಿಗೆ ಬರುತ್ತದೆ. ಅನುದಾನಿತ ಶಾಲೆಯ ಮಾಡು ಸೋರಿದರೆ ಅದು ಶಾಲೆಯ ಆಡಳಿತ ನಡೆಸುವ ಮೇನೇಜರರ ಜವಾಬ್ದಾರಿ, ಹೆತ್ತವರದ್ದಲ್ಲ. ಸಮಗ್ರ ಶಿಕ್ಷಾ ಎಂಬ ಕೇಂದ್ರ ಯೋಜನೆಯಡಿ ಸರ್ಕಾರಿ ಶಾಲೆಗಳಿಗೆ ವಾರ್ಷಿಕ ಅನುದಾನವಿದೆ: 30 ಮಕ್ಕಳವರೆಗೆ 10,000, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000 ರೂಪಾಯಿ. ಇದರಲ್ಲಿ ಕನಿಷ್ಠ ಶೇ. 10 ಶುಚಿತ್ವಕ್ಕೆ ಖರ್ಚಾಗಬೇಕು. ಅಂದ ಮೇಲೆ ಪೊರಕೆ, ಫಿನಾಯಿಲ್‌ಗೆ ಪಿಟಿಎ ಹಣ ಎತ್ತುವ ಪ್ರಶ್ನೆಯೇ ಇಲ್ಲ. ಪಂಚಾಯತಿನಿಂದ ಆಗಬೇಕಾದ ಕೆಲಸವನ್ನು ಗ್ರಾಮಸಭೆಗೂ ಪಂಚಾಯತಿನ ಶಿಕ್ಷಣ ಕಾರ್ಯತಂಡಕ್ಕೂ ಯೋಜನೆ ರೂಪುಗೊಳ್ಳುವ ಹೊತ್ತಿಗೇ ಬರಹದಲ್ಲಿ ಕೊಡಬೇಕು. ಯೋಜನೆ ಅಂತಿಮವಾದ ಮೇಲೆ ಹೋದರೆ ‘ಮುಂದಿನ ವರ್ಷ ನೋಡುವಾ’ ಎಂಬ ಉತ್ತರವೇ ಗತಿ. ಇಷ್ಟು ಜರಡಿ ಹಿಡಿದ ಮೇಲೆ ಉಳಿಯುವ ಪಟ್ಟಿ ಸಣ್ಣದು: ಕನ್ನಡ ಓದುವ ಪುಸ್ತಕ, ಪ್ರವಾಸ, ಕಲೋತ್ಸವದ (ಶಾಲಾ ಕಲಾ ಸ್ಪರ್ಧೆಯ) ವೇಷಭೂಷಣ, ಆಟದ ಸಾಮಾನು.

ಇನ್ನು ಎತ್ತುವ ಕ್ರಮ. ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಕಂದು ಕವರು, ಮೇಲೆ ಹೆಸರಿಲ್ಲ, ಕ್ಲಾಸೂ ಇಲ್ಲ. ಶುಕ್ರವಾರ ಕೊಟ್ಟು ಸೋಮವಾರ ವಾಪಸು. ಹಣ ಹಾಕಿದವರೂ ಹಾಕದವರೂ ಕವರು ಅಂಟಿಸಿ ತರಲೇಬೇಕು ಎಂಬುದೊಂದೇ ನಿಯಮ. ಇದು ಕೆಡುವುದು ಚಿಲ್ಲರೆಯಿಂದ. ಮಕ್ಕಳು ಕವರನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ, ಖಾಲಿ ಕವರು ಬೆರಳಿಗೇ ಗೊತ್ತಾಗುತ್ತದೆ. ‘ನೋಟೇ ಹಾಕಿ’ ಎಂದರೆ ಅದೂ ಒಂದು ಕನಿಷ್ಠ ದರವಾಗಿಬಿಡುತ್ತದೆ. ಹಾಗಾಗಿ ಪ್ರತಿ ಕವರಿನೊಳಗೆ ದಪ್ಪ ರಟ್ಟಿನ ತುಂಡೊಂದನ್ನು ಮಡಚಿ ಇಟ್ಟೇ ಕಳಿಸುತ್ತೇವೆ. ನಾಣ್ಯವಿದ್ದರೆ ಅದರ ಮಡಿಕೆಯಲ್ಲಿ ಸಿಕ್ಕಿಸಿ ಎಂದು ನೋಟೀಸಿನಲ್ಲಿರುತ್ತದೆ. ಕ್ಲಾಸ್ ಟೀಚರ್ ಕವರು ಮುಟ್ಟುವುದಿಲ್ಲ, ಮಕ್ಕಳೇ ಆಫೀಸಿನ ಪೆಟ್ಟಿಗೆಗೆ ಹಾಕುತ್ತಾರೆ. ಎಣಿಸುವವರು ಮೂವರು: ಒಬ್ಬ ಅಧ್ಯಾಪಕರು, ಪಿಟಿಎ ಸಮಿತಿಯ ಒಬ್ಬರು, ತಾಯಂದಿರ ಸಮಿತಿಯಾದ ಮದರ್ ಪಿಟಿಎಯ ಒಬ್ಬರು. ಒಟ್ಟು ಮೊತ್ತಕ್ಕೆ ಒಂದೇ ರಸೀದಿ ಹರಿದು, ಮೂವರೂ ಸಹಿ ಹಾಕಿದ ಎಣಿಕೆ ಚೀಟಿಯನ್ನು ಅದಕ್ಕೆ ಪಿನ್ ಮಾಡಿ, ಅಂದೇ ಬ್ಯಾಂಕಿಗೆ. ಸ್ವಂತ ರಸೀದಿ ಬೇಕೆನ್ನುವವರು ಆಫೀಸಿಗೆ ಬಂದು ಬೇರೆಯಾಗಿ ಕಟ್ಟಬಹುದು.

ಕ್ಯೂಆರ್ ಕೋಡ್ ಇಟ್ಟರೆ ಅದು ಪಿಟಿಎಯ ಬ್ಯಾಂಕ್ ಖಾತೆಯದ್ದೇ ಆಗಿರಲಿ. ಯಾರದೋ ಸ್ವಂತ ಫೋನಿಗೆ ಜೋಡಿಸಿದರೆ ಹಣ ಬಂದಾಗಲೆಲ್ಲ ಹೆಸರು, ಮೊತ್ತ ಎರಡೂ ಆ ಪರದೆ ಮೇಲೆ ಮೂಡುತ್ತವೆ, ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರು ಸೇರಿಸಿ ಮುಂದೆ ಕಳಿಸುವ ಪಟ್ಟಿಗಂತೂ ಅವಕಾಶವೇ ಇಲ್ಲ. ನೋಟೀಸು ಕನ್ನಡದಲ್ಲೂ ಮಲಯಾಳದಲ್ಲೂ ಇರಬೇಕು. ಕೊರಗ ಬುಡಕಟ್ಟಿನ ಮಕ್ಕಳ ಮನೆಗಳಿಗೆ ಕಾಗದ ಕಳಿಸಿ ಕೈತೊಳೆದುಕೊಳ್ಳದೆ, ಹೋಗಿ ತುಳುವಿನಲ್ಲಿ ಹೇಳಿ ಬರಬೇಕು. ಮುಖ್ಯವಾಗಿ ‘ಖಾಲಿ ಕವರು ಕಳಿಸಿದರೂ ಆಯಿತು’ ಎಂಬ ಮಾತನ್ನು ಬಾಯಲ್ಲೇ ಹೇಳಬೇಕು.

ಹಣವಿಲ್ಲದವರು ಶ್ರಮದಾನ ಮಾಡಲಿ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಕೇಳಲು ಚೆನ್ನ. ಆದರೆ ಕೂಲಿಯವರ ಒಂದು ದಿನ ಎಂದರೆ ಒಂದು ದಿನದ ಸಂಬಳ, 500ಕ್ಕಿಂತ ದುಬಾರಿ. ಶ್ರಮದಾನ ಇಡುವುದಾದರೆ ಭಾನುವಾರ ಬೆಳಗ್ಗೆ ಎರಡು ಗಂಟೆ ಹೊತ್ತು, ಹಾಜರಿ ಪುಸ್ತಕ ಇಲ್ಲದೆ. ತೋಟದವರು ಅಡಿಕೆಯನ್ನೇ ಕೊಟ್ಟರೆ ತೂಕ ಮಾಡಿ, ತಡಮಾಡದೆ ಮಾರಿ, ಬಿಲ್ಲನ್ನು ವೋಚರಿಗೆ ಲಗತ್ತಿಸಬೇಕು. ಶಾಲೆಯ ಮೂಲೆಯಲ್ಲಿಟ್ಟ ಅಡಿಕೆಗೆ ಹುಳ ಹಿಡಿಯುತ್ತದೆ, ಮಾತೂ ಬರುತ್ತದೆ.

ಮಕ್ಕಳ ಕೈಗೆ ಲಕ್ಕಿ ಕೂಪನ್ ಪುಸ್ತಕ ಕೊಡುವುದು ಬೇಡವೇ ಬೇಡ. ಗಲ್ಫ್‌ನಲ್ಲಿ ಮಾವಂದಿರಿರುವ ಮಗು ಒಂದೇ ಸಂಜೆಯಲ್ಲಿ ಇಡೀ ಪುಸ್ತಕ ಮುಗಿಸುತ್ತದೆ, ಇನ್ನೊಂದು ಮಗು ಒಂದು ಹಾಳೆಯೂ ಹರಿಯದೆ ವಾಪಸು ತರುತ್ತದೆ. ಪ್ರವಾಸಕ್ಕೆ ನಮ್ಮ ಸೂತ್ರ ಇಷ್ಟೆ: ಕ್ಲಾಸಿನ ಎಲ್ಲರನ್ನೂ ಕರೆದೊಯ್ಯಲು ಹಣ ಸಾಲದಿದ್ದರೆ ಮಕ್ಕಳನ್ನು ಬಿಡುವುದಲ್ಲ, ದೂರವನ್ನು ಕಡಿಮೆ ಮಾಡುವುದು. ಮೈಸೂರಿನ ಬದಲು ಬೇಕಲ ಕೋಟೆ, ಅನಂತಪುರದ ಸರೋವರ, ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ತೋಟ.

ನಿಜವಾದ ಅಂತರ ಇರುವುದು ಶಾಲೆ ಶಾಲೆಗಳ ನಡುವೆ. ಪೇಟೆ ಬದಿಯ ಶಾಲೆಗೆ ಹಳೆ ವಿದ್ಯಾರ್ಥಿಗಳ ದುಬೈ ಬಳಗವಿರುತ್ತದೆ, ಒಳನಾಡಿನ ಎಲ್.ಪಿ. ಶಾಲೆಗೆ ಕೇಳುವವರಿಲ್ಲ. ಒಂದು ಪಿಟಿಎಯ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸಹೊರಟರೆ ಹೆತ್ತವರು ಒಪ್ಪುವುದಿಲ್ಲ, ಲೆಕ್ಕಪತ್ರವೂ ಗೋಜಲಾಗುತ್ತದೆ. ನಡೆಯುವ ದಾರಿ ಬೇರೆ: ಹೆತ್ತವರ ಹಣ ಮುಟ್ಟದೆ, ಹೊರಗಿನ ದಾನಿಗಳಿಂದ ಮೊದಲೇ ಒಪ್ಪಿಗೆ ಬರೆಸಿಕೊಂಡು, ಅವರ ಕೊಡುಗೆಯ ಒಂದು ಪಾಲಿನಲ್ಲಿ ಎಲ್ಲ ಶಾಲೆಗಳಿಗೂ ಸಾಮಾನು ಕೊಳ್ಳುವುದು. ಹಂಚುವಾಗ ತಲೆ ಲೆಕ್ಕ ಮಾತ್ರ ಹಿಡಿದರೆ ಸಣ್ಣ ಶಾಲೆ ಮತ್ತೆ ಸೊರಗುತ್ತದೆ. ಉದಾಹರಣೆಗೆ 28, 65, 140, 310 ಮಕ್ಕಳ ನಾಲ್ಕು ಶಾಲೆಗಳಿಗೆ 40,000 ರೂಪಾಯಿ ಎನ್ನಿ. ಬರೀ ತಲೆ ಲೆಕ್ಕದಲ್ಲಿ 28 ಮಕ್ಕಳ ಶಾಲೆಗೆ ಸಿಗುವುದು ಸುಮಾರು 2,060. ಅರ್ಧವನ್ನು ಸಮನಾಗಿ, ಇನ್ನರ್ಧವನ್ನು ತಲೆ ಲೆಕ್ಕದಲ್ಲಿ ಹಂಚಿದರೆ 6,030. ದೊಡ್ಡ ಶಾಲೆಗೆ ಆಗಲೂ 16,400ರಷ್ಟು ಉಳಿಯುತ್ತದೆ. ಒಂದು ಕಪಾಟು ಕಥೆಪುಸ್ತಕಕ್ಕೆ 28 ಮಕ್ಕಳಿದ್ದರೂ 310 ಮಕ್ಕಳಿದ್ದರೂ ಕಪಾಟಿನ ಬೆಲೆ ಒಂದೇ ಎಂದು ವಿವರಿಸಿದರೆ ಸಭೆ ಒಪ್ಪುತ್ತದೆ.

ದೊಡ್ಡ ಮೊತ್ತ ಕೊಟ್ಟವರು ಗೇಟಿನಲ್ಲಿ ಫ್ಲೆಕ್ಸ್ ಬೇಕೆನ್ನುತ್ತಾರೆ. ನಾವು ವಾರ್ಷಿಕ ವರದಿಯಲ್ಲಿ ದಾನಿಗಳ ಹೆಸರನ್ನು ಅಕಾರಾದಿಯಾಗಿ, ಮೊತ್ತವಿಲ್ಲದೆ ಹಾಕುತ್ತೇವೆ. ಇದನ್ನು ಹಣ ಪಡೆಯುವ ಮೊದಲೇ ತಿಳಿಸುತ್ತೇವೆ. ಒಪ್ಪದವರ ಹಣ ಬೇಡವೆನ್ನಲು ಸಮಿತಿಯಲ್ಲಿ ಠರಾವು ಮೊದಲೇ ಆಗಿರಬೇಕು, ಇಲ್ಲವಾದರೆ ಚೆಕ್ ಕಂಡ ಮೇಲೆ ಸಮಿತಿಯೇ ಎರಡು ಪಾಲಾಗುತ್ತದೆ.