ಸ್ಟ್ರಾಂಗ್ ಬಿಯರ್‌ಗೆ ವರ್ಟನ್ನು ಹೆಚ್ಚು ಹೊತ್ತು ಕುದಿಸುವ ಕ್ರಮ

ಬಾರ್ಲಿವೈನ್‌ನಂತಹ ಸ್ಟ್ರಾಂಗ್ ಬಿಯರ್‌ಗೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರಸವನ್ನು, ಅಂದರೆ ವರ್ಟನ್ನು, 60 ನಿಮಿಷಕ್ಕೆ ಬದಲಾಗಿ ಎರಡು-ಮೂರು ಗಂಟೆ ಕುದಿಸುವುದು ಮುಖ್ಯವಾಗಿ ನೀರನ್ನು ಇಂಗಿಸಿ ಸಕ್ಕರೆಯಂಶವನ್ನು ಹೆಚ್ಚಿಸುವುದಕ್ಕಾಗಿ. 1.067 ಸಾಂದ್ರತೆಯ (ನೀರಿನದು 1.000) 30 ಲೀಟರ್ ವರ್ಟ್ 20 ಲೀಟರ್‌ಗೆ ಇಳಿದಾಗ ಸಾಂದ್ರತೆ ಸುಮಾರು 1.100ಕ್ಕೆ ಏರುತ್ತದೆ. ನಿಮ್ಮ ಪಾತ್ರೆಯಲ್ಲಿ ಗಂಟೆಗೆ ಎಷ್ಟು ಇಂಗುತ್ತದೆಂಬುದನ್ನು ಮೊದಲೇ ಬರೀ ನೀರು ಕುದಿಸಿ ಅಳೆದುಕೊಳ್ಳಿ. ಆ ಲೆಕ್ಕವಿಲ್ಲದೆ ಸಮಯ ನಿಗದಿಪಡಿಸಿ ಪ್ರಯೋಜನವಿಲ್ಲ. (ಕರ್ನಾಟಕದಲ್ಲಿ ಅಬಕಾರಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.)

ಮೊದಲ ಕುದಿಗೆ ಕಂದು ನೊರೆ ಪಾತ್ರೆಯ ಅಂಚಿನವರೆಗೆ ಉಕ್ಕಿ ಬರುತ್ತದೆ. ಉರಿ ತಗ್ಗಿಸಿ, ಅದು ಒಡೆದು ಪ್ರೋಟೀನಿನ ಚೂರುಗಳು ತೇಲುವವರೆಗೆ ಸೌಟಿನಿಂದ ಕೈಯಾಡಿಸುತ್ತಿರಬೇಕು. ಮುಚ್ಚಳ ಹಾಕಲೇಬಾರದು, ಏಕೆಂದರೆ ಬೆಂದ ಮೆಕ್ಕೆಜೋಳದ ವಾಸನೆ ಕೊಡುವ ಡೈಮೀಥೈಲ್ ಸಲ್ಫೈಡ್ ಆವಿಯೊಂದಿಗೆ ಹೊರಹೋಗಬೇಕು.

ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಚಿಕ್ಕಮಗಳೂರಿನಲ್ಲಿ ನೀರು 96–97 ಡಿಗ್ರಿಯಲ್ಲೇ ಕುದಿಯುವುದರಿಂದಲೂ, ಗಟ್ಟಿಯಾದ ವರ್ಟಿನಲ್ಲಿ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂ) ಕಹಿಯನ್ನು ಕಡಿಮೆ ಬಿಡುವುದರಿಂದಲೂ, ಕಹಿಗೆ ಹಾಕುವ ಹಾಪ್ಸನ್ನು ಕೊನೆಯ 60 ನಿಮಿಷಕ್ಕಲ್ಲ, 75 ನಿಮಿಷ ಉಳಿದಿರುವಾಗಲೇ ಹಾಕುವುದು ನನ್ನ ಮಟ್ಟಿಗೆ ಸರಿ. ದೀರ್ಘ ಕುದಿತದಿಂದ ಬಣ್ಣ ಗಾಢವಾಗುತ್ತದೆ. ತಿಳಿ ಬಣ್ಣವೇ ಬೇಕೆನ್ನುವವರಿಗೆ ಈ ಕ್ರಮ ಹೊಂದುವುದಿಲ್ಲ. ಒಲೆ ಆರಿಸುವ ಮುನ್ನ ಮಾದರಿಯನ್ನು 20 ಡಿಗ್ರಿಗೆ ತಣಿಸಿ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ ಪರೀಕ್ಷಿಸಿ.