ತಲೆಗೆ ಪೆಟ್ಟಾದ ಮೇಲೆ ನೋವಿನ ಮಾತ್ರೆ: ನಾನು ಹೇಗೆ ತಗೊಂಡೆ

ಸೈಕಲ್‌ನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ವೈದ್ಯರು ಪರೀಕ್ಷೆ ಮಾಡಿ ಕನ್‌ಕಷನ್ (ಪೆಟ್ಟಿನಿಂದ ಮೆದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದು) ಅಂದರು. ರಕ್ತಸ್ರಾವದ ಲಕ್ಷಣ ಇಲ್ಲ, ಒಂದೆರಡು ದಿನ ವಿಶ್ರಾಂತಿ ತಗೊಳ್ಳಿ ಅಂತ ಮನೆಗೆ ಕಳಿಸಿದರು. ತಲೆನೋವು ಮಾತ್ರ ಜೊತೆಗೇ ಬಂತು.

ಮೊದಲು ಮನೆಯ ಔಷಧಿ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ ನೋಡಿದೆ. ಚೀಟಿ ಇಲ್ಲದೆ ಸಿಗುವ ನೋವಿನ ಮಾತ್ರೆ ಎಲ್ಲಾ ಒಂದೇ ಅನಿಸುತ್ತೆ, ಅಲ್ವಾ? ಈ ವಿಷಯದಲ್ಲಿ ಒಂದೇ ಅಲ್ಲ. ಆಸ್ಪಿರಿನ್, ಐಬುಪ್ರೊಫೇನ್, ನ್ಯಾಪ್ರಾಕ್ಸೆನ್ ಪ್ಲೇಟ್‌ಲೆಟ್‌ಗಳ, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳ, ಕೆಲಸಕ್ಕೆ ಅಡ್ಡ ಬರುತ್ತವೆ. ತಲೆಯೊಳಗೆ ಎಲ್ಲಾದರೂ ರಕ್ತ ಒಸರುತ್ತಿದ್ದರೆ ಅದು ಹೆಪ್ಪುಗಟ್ಟುವುದು ಕಷ್ಟವಾಗಬಹುದು. ಅದರಲ್ಲೂ ಆಸ್ಪಿರಿನ್ ಹಠಮಾರಿ. ಅದು ತಾಗಿದ ಪ್ಲೇಟ್‌ಲೆಟ್ ತನ್ನ ಆಯಸ್ಸು ಮುಗಿಯುವ ತನಕ, ಅಂದರೆ 7ರಿಂದ 10 ದಿನ, ಸರಿಯಾಗುವುದಿಲ್ಲ. ಹಾಗಾಗಿ ಮೊದಲ 48 ಗಂಟೆ ಇವು ಯಾವುದನ್ನೂ ಮುಟ್ಟಲಿಲ್ಲ. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರ ಕಥೆ ಬೇರೆ. ಅವರು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಪೆಟ್ಟು ಸಣ್ಣದು ಅನಿಸಿದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನನಗೆ ಉಳಿದದ್ದು ಪ್ಯಾರಾಸಿಟಮಾಲ್. ಕೆಲವು ದೇಶಗಳಲ್ಲಿ ಇದನ್ನೇ ಅಸೆಟಮಿನೊಫೆನ್ ಅಂತಾರೆ. 500 ಮಿಲಿಗ್ರಾಂನ ಒಂದು ಮಾತ್ರೆ, ನೋವು ಜಾಸ್ತಿ ಇದ್ದರೆ ಎರಡು. ಒಂದು ಸಲಕ್ಕೂ ಇನ್ನೊಂದಕ್ಕೂ 6 ಗಂಟೆ ಅಂತರ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ನಾನು 3 ಗ್ರಾಂಗೇ ಗೆರೆ ಎಳೆದುಕೊಂಡೆ. ಲಿವರ್ ತೊಂದರೆ, ಕುಡಿತದ ಅಭ್ಯಾಸ, ತೀರಾ ಕಡಿಮೆ ತೂಕ ಇದ್ದವರು ಕೇಳಿಯೇ ತಗೊಳ್ಳಬೇಕು. ಶೀತ ಜ್ವರದ ಮಾತ್ರೆಗಳ ಹಿಂಭಾಗವನ್ನೂ ಓದಿ. ಹಲವದರಲ್ಲಿ ಪ್ಯಾರಾಸಿಟಮಾಲ್ ಸುಮ್ನೆ ಸೇರಿಕೊಂಡಿರುತ್ತೆ, ಗೊತ್ತಿಲ್ಲದೆ ಡೋಸ್ ದುಪ್ಪಟ್ಟಾಗುತ್ತೆ. ಮಕ್ಕಳಿಗೆ ತೂಕದ ಲೆಕ್ಕದಲ್ಲಿ ಕೊಡಬೇಕು, ಆಸ್ಪಿರಿನ್ ಬೇಡವೇ ಬೇಡ.

ಯಾವ ಮಾತ್ರೆ ಅನ್ನುವುದಕ್ಕಿಂತ ನನಗೆ ಮುಖ್ಯ ಅನಿಸಿದ್ದು ಯಾವಾಗ ನುಂಗುತ್ತೇನೆ ಅನ್ನುವುದು. ಗಡಿಯಾರ ನೋಡಿಕೊಂಡು ಸಾಲಾಗಿ ನುಂಗುತ್ತಾ ಹೋದರೆ ನೋವು ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುವುದೇ ಇಲ್ಲ. ಅದಕ್ಕೇ ನೋವು ಬಂದಾಗ ಮಾತ್ರ ತಗೊಂಡೆ. ನುಂಗುವ ಮೊದಲು ಒಂದು ಹಾಳೆಯಲ್ಲಿ ಸಮಯ ಬರೆದು, ನೋವಿಗೆ 10ಕ್ಕೆ ಎಷ್ಟು ಅಂತ ಅಂಕ ಹಾಕಿದೆ. ಒಂದು ಗಂಟೆ ಬಿಟ್ಟು ಮತ್ತೊಂದು ಅಂಕ. ತಲೆ ಮಂಕಾಗಿರುವಾಗ ನೆನಪನ್ನು ನಂಬಬಾರದು. ಹಾಳೆಯ ಜವಾಬ್ದಾರಿಯನ್ನು ಹೆಂಡತಿ ವಹಿಸಿಕೊಂಡಳು, ನನಗಿಂತ ಅವಳ ಲೆಕ್ಕವೇ ಸರಿ ಇತ್ತು.

ಮಾತ್ರೆ ತಗೊಂಡರೂ ನೋವು ಏರುತ್ತಲೇ ಹೋದರೆ ಇನ್ನೊಂದು ಮಾತ್ರೆ ಅಲ್ಲ, ಆಸ್ಪತ್ರೆ. ಇದನ್ನು ಮೊದಲೇ ಮಾತಾಡಿಕೊಂಡಿದ್ದೆವು. ಮತ್ತೆ ಮತ್ತೆ ವಾಂತಿ, ಫಿಟ್ಸ್, ತೊದಲು ಮಾತು, ಗೊಂದಲ, ಕೈಕಾಲು ಬಲ ಇಲ್ಲದಿರುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಎಬ್ಬಿಸಿದರೂ ಏಳದಂಥ ಮಂಪರು: ಇವುಗಳಲ್ಲಿ ಒಂದು ಕಂಡರೂ ಹಾಗೇ ಹೊರಡಬೇಕು. ಈ ಕಾರಣಕ್ಕೇ ನಿದ್ದೆ ಮಾತ್ರೆ, ಮಂಪರು ಬರಿಸುವ ಅಲರ್ಜಿ ಮಾತ್ರೆಗಳನ್ನೂ ದೂರ ಇಟ್ಟೆ. ಮಂಪರು ಮಾತ್ರೆಯದೋ ಪೆಟ್ಟಿನದೋ ಅಂತ ಯಾರಿಗೆ ಗೊತ್ತಾಗಬೇಕು?

ದಿನ ಕಳೆದಂತೆ ಮಾತ್ರೆ ತಾನಾಗಿಯೇ ಕಡಿಮೆಯಾಯಿತು. ಆಗದಿದ್ದರೆ ಮತ್ತೆ ವೈದ್ಯರ ಹತ್ತಿರ ಹೋಗುವ ಯೋಚನೆ ಇತ್ತು. ತಿಂಗಳಿಗೆ 15 ದಿನ ಅಥವಾ ಹೆಚ್ಚು, ತಿಂಗಳುಗಟ್ಟಲೆ ಇಂಥ ಮಾತ್ರೆ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಹುದು. ಕೆಫೀನ್ ಬೆರೆಸಿದ ಮಾತ್ರೆಗಳಿಗೆ 10 ದಿನವೇ ಸಾಕು.

ಮತ್ತೆ ಸೈಕಲ್ ಹತ್ತುವ ಮೊದಲು ಮಾತ್ರೆ ಪೂರ್ತಿ ಬಿಟ್ಟೆ. ಮಾತ್ರೆಯ ಬಲದಲ್ಲಿ ನೋವಿಲ್ಲ ಅನ್ನುವುದನ್ನು ವೈದ್ಯರು ಲೆಕ್ಕಕ್ಕೇ ತಗೊಳ್ಳಲಿಲ್ಲ. ಮಾತ್ರೆ ಇಲ್ಲದೆ ನಡೆದು, ಓದಿ, ಕೆಲಸ ಮಾಡಿಯೂ ತಲೆ ಹಗುರ ಇದ್ದ ಮೇಲೆಯೇ ನಿಧಾನವಾಗಿ ಶುರು ಮಾಡಲು ಹೇಳಿದರು.