ಕೋಲಾರದ ಟೊಮೆಟೊ ಊಜಿ ಎಲ್ಲಿಂದ ಬರುತ್ತಿದೆ: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಟೊಮೆಟೊಗೆ ಬೀಳುವ ಪತಂಗ ಎಲ್ಲಿಂದ ಬರುತ್ತಿದೆ ಎಂದು ಅದರ ಡಿಎನ್‌ಎ ಹಿಡಿದು ಹುಡುಕುವ ಕೆಲಸ ಆಯಿತು. "ಪತಂಗದ ಡಿಎನ್‌ಎ ನೋಡಿ ಅದರ ಊರು ಹೇಳ್ತೀರಾ? ಸುಮ್ನೆ ದುಡ್ಡು ದಂಡ" ಎಂದಿದ್ದವರೇ ಹೋದ ತಿಂಗಳು ನಮ್ಮ ಲ್ಯಾಬಿಗೆ ಬಂದು ಗ್ರಾಫ್ ನೋಡಿಕೊಂಡು ಹೋದರು.

ನಮ್ಮ ಕಡೆ ರೈತರು ಊಜಿ ಅನ್ನುವುದು ಟೂಟಾ ಅಬ್ಸಲ್ಯೂಟಾ ಎಂಬ ಈ ಪತಂಗಕ್ಕೆ. ನಿಜವಾದ ಊಜಿ ರೇಷ್ಮೆ ಹುಳಕ್ಕೆ ಬೀಳುವ ನೊಣ. ಅದು 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂತು. ಹುಳು ಮನೆಯಲ್ಲಿ ಅದರ ಕಾಟ ತಿಂದವರು ಟೊಮೆಟೊಗೆ ಬಿದ್ದ ಹೊಸ ಪೀಡೆಗೂ ಅದೇ ಹೆಸರಿಟ್ಟರು. ಟೂಟಾ ದಕ್ಷಿಣ ಅಮೆರಿಕದ್ದು. 2006ರಲ್ಲಿ ಸ್ಪೇನ್, 2014ರಲ್ಲಿ ಮಹಾರಾಷ್ಟ್ರ. ಯುರೋಪಿಗೆ ಅದು ಹೋದದ್ದು ಮಧ್ಯ ಚಿಲಿಯಿಂದ, ಅದೂ ಒಂದೇ ಸಲ ಎಂದು 2015ರಲ್ಲಿ ಸಂಶೋಧಕರು ಮೈಕ್ರೋಸ್ಯಾಟಲೈಟ್ (ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕು, ಗುಂಪಿಂದ ಗುಂಪಿಗೆ ಅದರ ಉದ್ದ ಬೇರೆ) ಹಿಡಿದೇ ತೋರಿಸಿದರು. ನನ್ನ ಪ್ರಶ್ನೆ ಅಷ್ಟು ದೊಡ್ಡದಲ್ಲ. ನಮ್ಮ ತೋಟಕ್ಕೆ ಬೀಳುತ್ತಿರುವುದು ಇಲ್ಲೇ ಉಳಿದದ್ದೋ, ಲಾರಿಯಲ್ಲಿ ಬಂದದ್ದೋ?

ಮೊದಲ ವರ್ಷ ಪೂರ್ತಿ ಹಾಳು. ಎಲ್ಲರೂ ಮಾಡುವಂತೆ ಸಿಒಐ ಹಿಡಿದೆ, ಅಂದರೆ ಜಾತಿ ಗುರುತಿಸಲು ಓದುವ ಒಂದು ಜೀನ್. ಮೂವತ್ತು ಮರಿಹುಳು, ಆ ಜೀನನ್ನು ಎರಡೂ ಕಡೆಯಿಂದ ಓದಿಸಿದ್ದಕ್ಕೆ ಒಂದಕ್ಕೆ ಸುಮಾರು 900 ರೂಪಾಯಿ. ಬೆಂಗಳೂರಿನಿಂದ ಫೈಲ್ ಬಂದ ದಿನ ರಾತ್ರಿ ಹನ್ನೊಂದರವರೆಗೆ ಕೂತು ಜೋಡಿಸಿದೆ. ಇಪ್ಪತ್ತೇಳು ಅಕ್ಷರಕ್ಕೆ ಅಕ್ಷರ ಒಂದೇ. ಉಳಿದ ಮೂರರಲ್ಲಿ ಎರಡು ಹುಳುವಿನೊಳಗೆ ಬದುಕುವ ವೋಲ್ಬಾಕಿಯಾ ಬ್ಯಾಕ್ಟೀರಿಯಾದ್ದು, ಒಂದು ಪರಾವಲಂಬಿ ಕಣಜದ್ದು. ಇಪ್ಪತ್ತೇಳು ಸಾವಿರ ಹೋಯಿತು. ಈ ಪತಂಗದಲ್ಲಿ ಸಿಒಐ ಎಲ್ಲ ದೇಶದಲ್ಲೂ ಹೆಚ್ಚು ಕಡಿಮೆ ಒಂದೇ ತರ ಇರುತ್ತದೆ. ಅದನ್ನು ಮೊದಲೇ ಓದಿಕೊಂಡು ಶುರು ಮಾಡಬೇಕಿತ್ತು. ಜಾತಿ ಗುರುತಿಸಲು ಸಿಒಐ ಸಾಕು. ಊರು ಹುಡುಕಲು ಸಾಲದು.

ಮಾದರಿ ಹಿಡಿಯುವುದರಲ್ಲೂ ಪೆಟ್ಟು ತಿಂದೆ. ವಾಸನೆಯಿಂದ ಪತಂಗ ಸೆಳೆಯುವ ಮೋಹಕ ಬಲೆಯ ಅಂಟಿಗೆ ಸಿಕ್ಕ ಪತಂಗದಲ್ಲಿ ಅಂಟೇ ಜಾಸ್ತಿ, ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಏಳಲೇ ಇಲ್ಲ. ನೀರಿನ ಬಲೆಯಲ್ಲಿ ಬಿದ್ದವು ಎರಡೇ ದಿನಕ್ಕೆ ಕೊಳೆತವು, ಡಿಎನ್‌ಎ ಗೆರೆ ನೋಡುವ ಜೆಲ್‌ನಲ್ಲಿ ಬರೀ ಮಸಿ. ಅಂಗಡಿ ಸ್ಪಿರಿಟ್‌ನಲ್ಲಿಟ್ಟ ನಲವತ್ತು ಮಾದರಿಯೂ ಹೋದವು. ಕೊನೆಗೆ ಉಳಿದ ದಾರಿ ಒಂದೇ. ಬೆಳಿಗ್ಗೆ ಎಲೆ ಕಿತ್ತು, ಎಲೆಯೊಳಗೆ ಅದು ಕೊರೆದ ಸುರಂಗದಿಂದ ಜೀವಂತ ಮರಿಹುಳು ತೆಗೆದು, ತೋಟದಲ್ಲೇ ಶುದ್ಧ ಆಲ್ಕೋಹಾಲಿಗೆ ಹಾಕುವುದು. ಒಂದು ಗಿಡದಿಂದ ಒಂದೇ ಹುಳು. ಇಲ್ಲದಿದ್ದರೆ ಅಣ್ಣ ತಮ್ಮಂದಿರನ್ನೇ ಎಣಿಸುತ್ತೀರಿ. ಆ ಹುಳುವಿನ ಕರುಳು ತೆಗೆಯುವುದಕ್ಕೆ ನನ್ನದೇ ಒಂದು ಕೈಚಳಕ ಇದೆ. ಪ್ರಬಂಧ ಅಚ್ಚಾಗುವವರೆಗೆ ಅದನ್ನು ಹೇಳುವುದಿಲ್ಲ.

ಪತಂಗ ಜಾತಿಯಲ್ಲಿ ಮೈಕ್ರೋಸ್ಯಾಟಲೈಟ್ ಎಷ್ಟು ಕಾಟ ಎಂದು ಮಾಡಿದವರಿಗೆ ಗೊತ್ತು. ನಲ್ ಅಲೀಲ್, ಅಂದರೆ ಇದ್ದೂ ಪಿಸಿಆರ್‌ನಲ್ಲಿ ಏಳದ ಜೀನ್ ರೂಪ, ಎಲ್ಲೆಲ್ಲೂ. ಹನ್ನೊಂದು ಲೋಕಸ್ (ಡಿಎನ್‌ಎಯಲ್ಲಿ ನೋಡುವ ಜಾಗ) ಹಾಕಿ ಏಳು ಉಳಿಸಿಕೊಂಡೆ. ಪಿಸಿಆರ್ ಶುರು ಮಾಡಿಸುವ ಚಿಕ್ಕ ಡಿಎನ್‌ಎ ತುಂಡಾದ ಪ್ರೈಮರ್, ಅದರಲ್ಲಿ ಪ್ರತಿಯೊಂದಕ್ಕೂ ಬಣ್ಣ ಕಟ್ಟಿಸಿದರೆ ನಮ್ಮಂಥ ಕಾಲೇಜು ತಾಳುವುದಿಲ್ಲ. ಅದಕ್ಕೇ ಪ್ರೈಮರುಗಳಿಗೆ ಎಂ13 ಎಂಬ ಒಂದೇ ತರದ ಬಾಲ ಕಟ್ಟಿ, ಬಣ್ಣದ ಪ್ರೈಮರ್ ಒಂದನ್ನೇ ಎಲ್ಲಕ್ಕೂ ಬಳಸಿದೆ. ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಹಾಕಿದ ಮೇಲೆ ಮಂಕಾಗಿದ್ದ ಬ್ಯಾಂಡುಗಳೂ ಎದ್ದವು. ಒಟ್ಟು ಖರ್ಚು ಒಂದು ಲಕ್ಷದ ಹತ್ತು ಸಾವಿರದ ಆಸುಪಾಸು. ಅರವತ್ತು ಸಾವಿರದಷ್ಟು ನನ್ನ ಸಂಬಳದ್ದು. ನಡುವೆ ಒಂದು ವಾರಾಂತ್ಯ ಕರೆಂಟ್ ಹೋಗಿ ಫ್ರೀಜರ್ ಕರಗಿತು, ಪಿಸಿಆರ್‌ಗೆ ಬೇಕಾದ ಟ್ಯಾಕ್ ಕಿಣ್ವ ಸತ್ತಿತು. ಅದರ ಎಂಟು ಸಾವಿರವೂ ಇದರಲ್ಲೇ ಸೇರಿದೆ.

ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ, ಶ್ರೀನಿವಾಸಪುರ, ಮಾಲೂರು, ಚಿಂತಾಮಣಿ, ಗಡಿಯಾಚೆಯ ಮದನಪಲ್ಲಿ, ಜೊತೆಗೆ ಕೋಲಾರ ಎಪಿಎಂಸಿ ಸುತ್ತಲಿನ ತೋಟಗಳು. ಎಲ್ಲ ಸೇರಿ ನೂರನಲವತ್ತು ಹುಳು. ವಡ್ಡಹಳ್ಳಿಯ ರೈತರೊಬ್ಬರು "ಇದು ಆಂಧ್ರದಿಂದ ಬಂದಿದ್ದೇ ಸಾರ್, ಅನುಮಾನ ಬೇಡ" ಎನ್ನುತ್ತಿದ್ದರು. ಆದರೆ ಮದನಪಲ್ಲಿಗೂ ವಡ್ಡಹಳ್ಳಿಗೂ ಏನೂ ವ್ಯತ್ಯಾಸ ಸಿಗಲಿಲ್ಲ. ಗುಂಪು ವಿಂಗಡಿಸುವ ಸ್ಟ್ರಕ್ಚರ್ ಎಂಬ ತಂತ್ರಾಂಶ ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸಿತು. ಮಂಡಿ ಪಕ್ಕದ ತೋಟಗಳು ಮಾತ್ರ ಬೇರೆ. ಅಲ್ಲಿ ಎರಡು ಲೋಕಸ್‌ನಲ್ಲಿ ಬೇರೆಲ್ಲೂ ಕಾಣದ ಅಲೀಲ್‌ಗಳು. ಓದುವಾಗ ತಪ್ಪಾಗಿದೆಯೇನೋ ಎಂದು ಮೂರು ಸಲ ಮತ್ತೆ ಓಡಿಸಿದೆ. ಅದೇ ಬಂತು.

ಆಗ ಖಾಲಿ ಕ್ರೇಟುಗಳು ನೆನಪಾದವು. ಇಲ್ಲಿಂದ ಹಣ್ಣು ತುಂಬಿಕೊಂಡು ಹೋದ ಲಾರಿಗಳು ಹೊರ ರಾಜ್ಯದ ಕ್ರೇಟು ಹೊತ್ತು ಬರುತ್ತವೆ. ಯಾರೂ ತೊಳೆಯುವುದಿಲ್ಲ. ಎರಡು ಸಂಜೆ ಮಂಡಿಯಲ್ಲಿ ಕೂತು ಕ್ರೇಟು ತಡಕಿದೆ. ಮೂಲೆಗೆ ಅಂಟಿದ್ದ ಒಣ ಎಲೆಯಲ್ಲಿ ಪತಂಗದ ಹದಿನಾಲ್ಕು ಕೋಶ (ಪ್ಯೂಪಾ) ಸಿಕ್ಕವು, ಒಂಬತ್ತು ಜೀವಂತ. ಪುಣೆ ಕಡೆಯ ನಾರಾಯಣಗಾಂವ್‌ನಿಂದ ಗೆಳೆಯರು ಇಪ್ಪತ್ತೆರಡು ಹುಳು ಕಳಿಸಿದರು. ಆ ಅಲೀಲ್‌ಗಳು ಅಲ್ಲೂ ಇದ್ದವು, ಕ್ರೇಟಿನ ಕೋಶಗಳಲ್ಲೂ ಇದ್ದವು. ಪ್ರಿಂಟ್ ತೆಗೆದು ಬಾಗಿಲಿಗೇ ಅಂಟಿಸಿದೆ. ಇಪ್ಪತ್ತೆರಡು ಹುಳುವಿನಿಂದ ದಿಕ್ಕು ಹೇಳಲಾಗದು, ನಿಜ. ಆದರೆ ಕ್ರೇಟು ಪತಂಗವನ್ನು ಹೊತ್ತು ತರುತ್ತದೆ ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಇದರ ನಡುವೆ ಬದುವಿನ ಗಣಿಕೆ ಸೊಪ್ಪಿನಿಂದಲೂ ಹುಳು ತೆಗೆದು ನೋಡಿದೆ. ಟೊಮೆಟೊ ಇಲ್ಲದ ತಿಂಗಳಲ್ಲಿ ಸಿಕ್ಕವು ಆರೇ. ಆರೂ ಸುತ್ತಲಿನ ತೋಟದ ಗುಂಪಿಗೇ ಸೇರಿದವು. ಅಂದರೆ ಇಲ್ಲೇ ಉಳಿಯುವುದೂ ಇದೆ, ಲಾರಿಯಲ್ಲಿ ಬರುವುದೂ ಇದೆ. ಈಗ ಮಂಡಿಯ ಒಬ್ಬ ದಲ್ಲಾಳಿ ತಮ್ಮ ಕ್ರೇಟುಗಳಲ್ಲಿ ಅರ್ಧವನ್ನು ಬಿಸಿನೀರಲ್ಲಿ ತೊಳೆಸಲು ಒಪ್ಪಿದ್ದಾರೆ. ಆ ಕ್ರೇಟು ಹೋಗುವ ನಾಲ್ಕು ತೋಟದಲ್ಲಿ ಹೋದ ವಾರ ಬಲೆ ಕಟ್ಟಿ ಬಂದೆ.